ಏಳು ಕಂಪ್ಯೂಟರ್, ಒಂದೇ ಡೇಟಾಬೇಸ್ ಫೈಲ್: ಕಡಿಮೆ ಖರ್ಚಿನಲ್ಲಿ ಸರ್ವರ್‌ಗೆ ಸಾಗಿಸುವ ಬಗೆ

ಪ್ರಶ್ನೆ: ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಇದೆ. ರೈತರ ಹೆಸರು, ಲಾಟ್ ನಂಬರು, ಒಳಬಂದ ಮತ್ತು ಹೊರಹೋದ ಬಾಕ್ಸ್‌ಗಳು, ಬಾಡಿಗೆ ಲೆಕ್ಕ, ಗೇಟ್ ಪಾಸ್ ಎಲ್ಲವೂ ಮೈಕ್ರೋಸಾಫ್ಟ್‌ನ ಆಕ್ಸೆಸ್ 2003 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆಸಿದ ಒಂದು ಪ್ರೋಗ್ರಾಮಿನಲ್ಲಿವೆ. 2008ರಲ್ಲಿ ಅದನ್ನು ಬರೆದುಕೊಟ್ಟವರು ಈಗ ಪುಣೆಯಲ್ಲಿದ್ದಾರೆ, ಫೋನಿಗೆ ಸಿಗುತ್ತಾರೆ. ಆಫೀಸಿನಲ್ಲಿ ಐದು, ಕಾಟಾದ ಹತ್ತಿರ ಒಂದು, ಗೇಟಿನಲ್ಲಿ ಒಂದು, ಹೀಗೆ ಏಳು ಕಂಪ್ಯೂಟರ್‌ಗಳು ಒಂದೇ ಫೈಲನ್ನು ಬಳಸುತ್ತವೆ. ಗೇಟಿನದು ವೈಫೈ ಮೇಲಿದೆ. ಫೈಲ್ 1.4 ಜಿಬಿ ಆಗಿದೆ. ಮುಖ್ಯ ಕಂಪ್ಯೂಟರನ್ನು ವಿಂಡೋಸ್ 7ರಿಂದ 10ಕ್ಕೆ ಬದಲಿಸಿದ ಮೇಲೆ ‘ಇನ್‌ಕನ್ಸಿಸ್ಟೆಂಟ್ ಸ್ಟೇಟ್’ ಎಂಬ ಸಂದೇಶ ಬರತೊಡಗಿದೆ. ಹೋದ ಸೀಸನ್‌ನಲ್ಲಿ ಮೂರು ಸಲ ಫೈಲ್ ಕೆಟ್ಟು, ಒಮ್ಮೆ ಒಂದೂವರೆ ದಿನದ ಎಂಟ್ರಿ ಹೋಯಿತು. ಹೊಸ ಸಾಫ್ಟ್‌ವೇರ್ ಮತ್ತು ಸರ್ವರ್‌ಗೆ ನಾಲ್ಕು ಲಕ್ಷ ಕೇಳುತ್ತಿದ್ದಾರೆ. ನಾವು ಒಂದು ಲಕ್ಷದವರೆಗೆ ಖರ್ಚು ಮಾಡಬಲ್ಲೆವು. ರೈತರ ಹೆಸರುಗಳೆಲ್ಲ ನುಡಿ ಅಕ್ಷರದಲ್ಲಿವೆ. ದಾರಿ ಇದೆಯೇ?

ಉತ್ತರ: ದಾರಿ ಇದೆ, ಮತ್ತು ಅದು ನಿಮ್ಮ ಒಂದು ಲಕ್ಷದೊಳಗೇ ಮುಗಿಯುವಂಥದ್ದು. ಆದರೆ ಅದಕ್ಕೆ ಮೊದಲು ನಿಮ್ಮ ಪ್ರೋಗ್ರಾಮಿನಲ್ಲಿ ಕೆಟ್ಟಿರುವುದು ಯಾವುದು, ಕೆಡದೆ ಉಳಿದಿರುವುದು ಯಾವುದು ಎಂಬುದನ್ನು ಬೇರ್ಪಡಿಸಿಕೊಳ್ಳಬೇಕು. ಎಂಟ್ರಿಯ ಪರದೆಗಳು, ರಸೀದಿಗಳು, ಹದಿನೈದು ದಿನ ಮೀರಿದರೆ ಪೂರ್ತಿ ತಿಂಗಳ ಬಾಡಿಗೆ ಹಿಡಿಯುವಂಥ ಲೆಕ್ಕಗಳು, ಬ್ಯಾಂಕಿನ ಸಾಲಕ್ಕೆ ಒತ್ತೆ ಬಿದ್ದ ಲಾಟನ್ನು ಗೇಟಿನಿಂದ ಹೊರಬಿಡದಂತೆ ತಡೆಯುವಂಥ ನಿಯಮಗಳು ಇವೆಲ್ಲ ಇಷ್ಟು ವರ್ಷಗಳ ಬಳಕೆಯಲ್ಲಿ ತಿದ್ದಿಸಿಕೊಂಡು ಬಂದವು, ಮತ್ತು ನಿಮ್ಮ ಗುಮಾಸ್ತರ ಕೈಗೆ ಅವು ರೂಢಿಯಾಗಿವೆ. ಹೊಸ ಸಾಫ್ಟ್‌ವೇರ್ ಕೊಡುವವರು ಅವನ್ನೆಲ್ಲ ಮತ್ತೆ ಕಲಿಯಬೇಕು, ಮತ್ತು ಅವರು ಕಲಿಯುವುದು ನಿಮ್ಮ ಸೀಸನ್‌ನ ಖರ್ಚಿನಲ್ಲಿ. ಕೆಟ್ಟಿರುವುದು ದತ್ತಾಂಶವನ್ನು ಇಟ್ಟಿರುವ ಜಾಗ ಮಾತ್ರ. ಆದ್ದರಿಂದ ಮೇಲಿನ ಪರದೆಗಳನ್ನು ಹಾಗೆಯೇ ಉಳಿಸಿಕೊಂಡು, ಅಡಿಯಲ್ಲಿರುವ ಟೇಬಲ್‌ಗಳನ್ನು ಮಾತ್ರ ಉಚಿತವಾಗಿ ಸಿಗುವ ಒಂದು ಡೇಟಾಬೇಸ್ ಸರ್ವರ್‌ಗೆ ಸಾಗಿಸುವುದು ನನ್ನ ಸಲಹೆ.

ಫೈಲ್ ಏಕೆ ಕೆಡುತ್ತದೆ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಆಕ್ಸೆಸ್‌ನ ಎಂಡಿಬಿ ಫೈಲನ್ನು ಹಂಚಿಕೊಂಡಾಗ, ಆ ಫೈಲ್ ಇರುವ ಕಂಪ್ಯೂಟರ್ ಏನೂ ಲೆಕ್ಕ ಮಾಡುವುದಿಲ್ಲ. ಅದು ಬರೀ ಕಪಾಟು. ಪೇಢಿಯ ಕಿರ್ದಿ ಪುಸ್ತಕದ ಹಾಳೆಗಳನ್ನು ಏಳು ಜನ ಗುಮಾಸ್ತರು ಬಿಚ್ಚಿ, ತಮ್ಮ ತಮ್ಮ ಮೇಜಿಗೆ ಒಯ್ದು, ಬರೆದು, ತಂದು ಮತ್ತೆ ಜೋಡಿಸಿದಂತೆ, ಏಳು ಕಂಪ್ಯೂಟರ್‌ಗಳಲ್ಲಿರುವ ಏಳು ಜೆಟ್ ಎಂಜಿನ್‌ಗಳು, ಅಂದರೆ ಆಕ್ಸೆಸ್‌ನೊಳಗೆ ದತ್ತಾಂಶವನ್ನು ಓದಿ ಬರೆಯುವ ಭಾಗಗಳು, ನಾಲ್ಕು ನಾಲ್ಕು ಕೆಬಿಯ ಪುಟಗಳನ್ನು ತಂತಿಯ ಮೇಲೆ ಎಳೆದುಕೊಂಡು, ತಿದ್ದಿ, ವಾಪಸು ಬರೆಯುತ್ತವೆ. ಯಾರು ಯಾವ ಪುಟ ಹಿಡಿದಿದ್ದಾರೆ ಎಂಬುದಕ್ಕೆ ಪಕ್ಕದಲ್ಲಿ ಎಲ್‌ಡಿಬಿ ಎಂಬ ಚಿಕ್ಕ ಫೈಲ್ ಒಂದೇ ಆಧಾರ. ಒಬ್ಬ ಗುಮಾಸ್ತ ಹಾಳೆ ತಂದು ಅರ್ಧ ಜೋಡಿಸುವಷ್ಟರಲ್ಲಿ ದೀಪ ಹೋದರೆ ಪುಸ್ತಕದ ಗತಿ ಏನಾಗುವುದೋ, ನಿಮ್ಮ ಫೈಲಿನ ಗತಿಯೂ ಅದೇ. ಡೇಟಾಬೇಸ್ ಸರ್ವರ್ ಎಂದರೆ, ಕಿರ್ದಿಯನ್ನು ಒಬ್ಬನೇ ಮುನೀಮನ ಮುಂದಿಟ್ಟು, ಉಳಿದವರೆಲ್ಲ ಚೀಟಿ ಕೊಟ್ಟು ಉತ್ತರ ಪಡೆಯುವ ಏರ್ಪಾಡು. ಆ ಮುನೀಮ ಪುಸ್ತಕ ಮುಟ್ಟುವ ಮೊದಲು ಏನು ಬರೆಯಲಿದ್ದೇನೆ ಎಂಬುದನ್ನು ಲಾಗ್ ಎಂಬ ಬೇರೆ ವಹಿಯಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಾನೆ. ಆದ್ದರಿಂದ ನಡುವೆ ಕರೆಂಟ್ ಹೋದರೂ, ಮತ್ತೆ ಚಾಲೂ ಆದಾಗ ಅರ್ಧ ಆದ ಕೆಲಸವನ್ನು ಅಳಿಸಿ, ಪೂರ್ತಿಯಾದುದನ್ನು ಉಳಿಸಿಕೊಳ್ಳುತ್ತಾನೆ. ಗೇಟಿನ ಕಂಪ್ಯೂಟರ್ ಸಂಪರ್ಕ ಕಡಿದುಕೊಂಡರೆ ಗೇಟಿನ ಆ ಒಂದು ಎಂಟ್ರಿ ಹೋಗುತ್ತದೆಯೇ ಹೊರತು ಉಳಿದ ಆರು ಮಂದಿಯ ಕೆಲಸಕ್ಕೆ ಧಕ್ಕೆ ಬರುವುದಿಲ್ಲ.

ನೀವು ಬರೆದಿರುವ ‘ಇನ್‌ಕನ್ಸಿಸ್ಟೆಂಟ್ ಸ್ಟೇಟ್’ ಸಂದೇಶಕ್ಕೆ ಒಂದು ನಿರ್ದಿಷ್ಟ ಇತಿಹಾಸವಿದೆ. ಹಂಚಿಕೊಂಡ ಫೈಲನ್ನು ಬಳಸುವ ಕಂಪ್ಯೂಟರ್‌ಗಳು ಅದರ ಭಾಗಗಳನ್ನು ತಮ್ಮಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಳ್ಳಲು ವಿಂಡೋಸ್ ಅನುಮತಿ ಕೊಡುತ್ತದೆ. ಇದಕ್ಕೆ ಲೀಸಿಂಗ್ ಎಂದು ಹೆಸರು. ವಿಂಡೋಸ್ 10ರ 1803 ಆವೃತ್ತಿಯ ಆಸುಪಾಸಿನಲ್ಲಿ ಇದರಿಂದ ಆಕ್ಸೆಸ್ ಫೈಲ್‌ಗಳು ಕೆಡುತ್ತಿವೆ ಎಂಬುದನ್ನು ಮೈಕ್ರೋಸಾಫ್ಟ್ ತಾನೇ ಒಪ್ಪಿಕೊಂಡು, ಫೈಲ್ ಇಟ್ಟಿರುವ ಕಂಪ್ಯೂಟರ್‌ನಲ್ಲಿ ಲೀಸಿಂಗ್ ಅನ್ನು ರಿಜಿಸ್ಟ್ರಿಯ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಕಡತದ) ಮೂಲಕ ನಿಲ್ಲಿಸುವ ಉಪಾಯವನ್ನು ಪ್ರಕಟಿಸಿತು. ಆಮೇಲೆ ಅಪ್‌ಡೇಟ್‌ಗಳಲ್ಲಿ ತಿದ್ದುಪಡಿಯನ್ನೂ ಕೊಟ್ಟಿತು. ಪುಣೆಯವರಿಗೆ ಇಷ್ಟು ಹೇಳಿದರೆ ಸಾಕು, ಅವರು ಹುಡುಕಿ ಮಾಡಬಲ್ಲರು. ಮುಖ್ಯ ಕಂಪ್ಯೂಟರಿನ ಅಪ್‌ಡೇಟ್‌ಗಳನ್ನು ಯಾರಾದರೂ ಬಂದ್ ಮಾಡಿಟ್ಟಿದ್ದಾರೆಯೇ ಎಂದೂ ನೋಡಿರಿ. ನಮ್ಮ ಕಡೆ ನೆಟ್ ನಿಧಾನವಾಗುತ್ತದೆ ಎಂದು ಹಾಗೆ ಬಂದ್ ಮಾಡುವ ರೂಢಿ ಬಹಳ.

ಇನ್ನು ಗೇಟಿನ ವೈಫೈ. ಹಂಚಿಕೊಂಡ ಎಂಡಿಬಿ ಫೈಲಿಗೂ ವೈಫೈಗೂ ಎಂದೂ ಕೂಡಿಬರುವುದಿಲ್ಲ. ಲಾರಿಯೊಂದು ಗೇಟಿಗೂ ಆಫೀಸಿಗೂ ನಡುವೆ ಅಡ್ಡ ನಿಂತು ಎರಡು ಕ್ಷಣ ಸಿಗ್ನಲ್ ತಪ್ಪಿದರೆ, ಮೊಬೈಲ್ ನೋಡುವವರಿಗೆ ಅದು ಗೊತ್ತೂ ಆಗದು. ಆದರೆ ಆಗ ಬರೆಯುತ್ತಿದ್ದ ಪುಟ ಅರ್ಧಕ್ಕೇ ನಿಲ್ಲುತ್ತದೆ. ಈ ವಾರವೇ ಗೇಟಿನ ಕಂಪ್ಯೂಟರನ್ನು ಈ ಫೈಲಿನಿಂದ ಬಿಡಿಸಿ, ಗೇಟ್ ಪಾಸನ್ನು ಸದ್ಯಕ್ಕೆ ಆಫೀಸಿನಿಂದಲೇ ಮುದ್ರಿಸಿಕೊಡಿರಿ. ಆಮೇಲೆ ಗೇಟಿಗೆ ತಂತಿ ಎಳೆಯುವಾಗ, ಸಾಮಾನ್ಯ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಮಾತ್ರ ನಂಬಿಕೆಗೆ ಅರ್ಹ ಎಂಬುದು ನೆನಪಿರಲಿ. ಅದಕ್ಕಿಂತ ದೂರವಿದ್ದರೆ, ಅಥವಾ ತಂತಿ ಬಯಲಿನಲ್ಲಿ ಹೋಗುವಂತಿದ್ದರೆ, ಎರಡೂ ತುದಿಗೆ ಫೈಬರನ್ನೂ ತಾಮ್ರದ ಕೇಬಲನ್ನೂ ಕೂಡಿಸುವ ಮೀಡಿಯಾ ಕನ್ವರ್ಟರ್ ಹಾಕಿ ಫೈಬರ್ ಎಳೆಸುವುದು ಒಳ್ಳೆಯದು. ಚೈತ್ರ-ವೈಶಾಖದ ಗುಡುಗು-ಸಿಡಿಲಿನ ಮಳೆಗೆ ಬಯಲಿನ ತಾಮ್ರದ ತಂತಿ ಸ್ವಿಚ್ಚನ್ನೂ ಅದಕ್ಕೆ ತಗುಲಿದ ಕಂಪ್ಯೂಟರನ್ನೂ ಸುಟ್ಟುಹಾಕಬಲ್ಲದು. ಫೈಬರ್ ಗಾಜಿನ ಎಳೆಯಾದ್ದರಿಂದ ಅದರಲ್ಲಿ ಕರೆಂಟ್ ಹರಿಯುವುದಿಲ್ಲ.

ಕರೆಂಟಿನ ವಿಷಯದಲ್ಲಿ ನಿಮ್ಮಂಥ ಕೋಲ್ಡ್ ಸ್ಟೋರೇಜ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದು ಸಂಗತಿಯಿದೆ. ಹೆಸ್ಕಾಂ ಲೈನ್ ಹೋಗುವುದನ್ನು ಎಲ್ಲರೂ ಗಮನಿಸುತ್ತಾರೆ, ಅದಕ್ಕಾಗಿ ಕಂಪ್ಯೂಟರ್‌ಗಳಿಗೆ ಯುಪಿಎಸ್ ಹಾಕಿಸುತ್ತಾರೆ. ಆದರೆ ಒಳಗಿನ ಕಂಪ್ರೆಸರ್ ಮೋಟಾರು ಚಾಲೂ ಆದಾಗ ಒಂದು ಕ್ಷಣ ವೋಲ್ಟೇಜ್ ಕುಸಿಯುವುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮತ್ತು ಗೋಡೆಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ನೆಟ್‌ವರ್ಕ್ ಸ್ವಿಚ್ಚಿಗೆ ಯುಪಿಎಸ್ ಕೊಟ್ಟಿರುವುದಿಲ್ಲ. ಕಂಪ್ರೆಸರ್ ಚಾಲೂ ಆದಾಗ ಕಂಪ್ಯೂಟರ್‌ಗಳೆಲ್ಲ ನಡೆಯುತ್ತಲೇ ಇರುತ್ತವೆ, ಸ್ವಿಚ್ ಮಾತ್ರ ಆರಿ ಹೊತ್ತಿಕೊಳ್ಳುತ್ತದೆ, ಏಳೂ ಕಂಪ್ಯೂಟರ್‌ಗಳ ಸಂಪರ್ಕ ಒಮ್ಮೆಲೇ ಕಡಿಯುತ್ತದೆ. ಫೈಲ್ ಕೆಟ್ಟ ಆ ಮೂರು ಹೊತ್ತನ್ನೂ ಕಂಪ್ರೆಸರ್ ಲಾಗ್ ಬುಕ್ಕಿನ ಚಾಲೂ ಮಾಡಿದ ಸಮಯದ ಜೊತೆ ಹೋಲಿಸಿ ನೋಡಿರಿ. ಹೊಂದಿಕೆಯಾದರೂ ಆಗದಿದ್ದರೂ ಸ್ವಿಚ್ಚಿಗೊಂದು ಚಿಕ್ಕ ಯುಪಿಎಸ್ ಬೇಕೇ ಬೇಕು.

ಸರ್ವರ್‌ಗೆ ಹೋಗುವ ಮೊದಲು, ಪೈಸೆ ಖರ್ಚಿಲ್ಲದೆ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಕೆಲಸವೊಂದಿದೆ. ಪ್ರೋಗ್ರಾಮನ್ನು ಎರಡಾಗಿ ಸೀಳಬೇಕು: ಟೇಬಲ್‌ಗಳಷ್ಟೇ ಇರುವ ಒಂದು ಫೈಲ್ ಮುಖ್ಯ ಕಂಪ್ಯೂಟರಿನಲ್ಲಿ, ಫಾರ್ಮ್ (ಪರದೆ), ಕ್ವೆರಿ (ಟೇಬಲ್‌ನಿಂದ ಬೇಕಾದ ಸಾಲು ಕೇಳುವ ಪ್ರಶ್ನೆ), ರಿಪೋರ್ಟ್‌ಗಳಿರುವ ಇನ್ನೊಂದು ಫೈಲಿನ ನಕಲು ಪ್ರತಿಯೊಂದು ಕಂಪ್ಯೂಟರಿನಲ್ಲಿ. ಇದಕ್ಕೆ ಆಕ್ಸೆಸ್‌ನಲ್ಲೇ ಡೇಟಾಬೇಸ್ ಸ್ಪ್ಲಿಟರ್ ಎಂಬ ಸಾಧನವಿದೆ. ‘ಏಳು ಕಂಪ್ಯೂಟರ್‌ಗಳು ಒಂದೇ ಫೈಲನ್ನು ಬಳಸುತ್ತವೆ’ ಎಂದು ನೀವು ಬರೆದಿರುವ ರೀತಿ ನೋಡಿದರೆ, ಪರದೆಗಳೂ ಅದೇ ಫೈಲಿನಲ್ಲಿರುವಂತೆ ತೋರುತ್ತದೆ. ಸೀಳಿದ ಮೇಲೆ ಎಲ್ಲರೂ ಹೊರಬಂದಾಗ ಫೈಲಿನ ಖಾಲಿ ಜಾಗ ತೆಗೆದು ಸರಿಪಡಿಸುವ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಮಾಡಿರಿ. ಅದಕ್ಕೆ ಮೊದಲು ಫೈಲಿನ ಒಂದು ಪ್ರತಿ ಬೇರೆ ಡಿಸ್ಕಿಗೆ ಹೋಗಿರಲಿ, ಏಕೆಂದರೆ ಕೆಟ್ಟ ಫೈಲನ್ನು ರಿಪೇರಿ ಮಾಡುವಾಗ ಸಾಲುಗಳು ಕಳೆದುಹೋಗುವುದುಂಟು. 1.4 ಜಿಬಿಯಲ್ಲಿ ಎಷ್ಟೋ ಭಾಗ ಅಳಿಸಿದ ದಾಖಲೆಗಳ ಖಾಲಿ ಜಾಗವಾಗಿರಬಹುದು. ಎಂಡಿಬಿ ಫೈಲಿನ ಮಿತಿ 2 ಜಿಬಿ. ಆ ಗೋಡೆಗೆ ಸೀಸನ್ ನಡುವೆ ತಲೆ ತಾಗಿದರೆ ಒಂದು ಹೊಸ ಸಾಲನ್ನೂ ಸೇರಿಸಲಾಗದು. ಈ ಸೀಳುವಿಕೆ ಮುಂದಿನ ಹೆಜ್ಜೆಗೆ ಅಡಿಪಾಯವೂ ಹೌದು, ಏಕೆಂದರೆ ಸರ್ವರ್‌ಗೆ ಸಾಗುವುದು ಟೇಬಲ್‌ಗಳ ಫೈಲ್ ಮಾತ್ರ.

ಈಗ ಸರ್ವರ್ ತಂತ್ರಾಂಶದ ಆಯ್ಕೆ. ಮರಿಯಾಡಿಬಿ, ಪೋಸ್ಟ್‌ಗ್ರೆಸ್, ಫೈರ್‌ಬರ್ಡ್ ಎಲ್ಲವೂ ಉಚಿತ, ಎಲ್ಲವೂ ನಂಬಿಕೆಗೆ ಅರ್ಹ. ಹೊಸದಾಗಿ ಪ್ರೋಗ್ರಾಮ್ ಬರೆಸುವವರಿಗೆ ನಾನು ಪೋಸ್ಟ್‌ಗ್ರೆಸ್ ಅನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ಮೇಲಿನ ಭಾಗ ಆಕ್ಸೆಸ್ ಆಗಿ ಉಳಿಯುವುದರಿಂದ ಮೈಕ್ರೋಸಾಫ್ಟ್‌ನದೇ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ನಿಮಗೆ ಕಡಿಮೆ ತೊಡಕಿನದು. ಅದಕ್ಕೂ ಹಣ ಕೊಡಬೇಕಿಲ್ಲ, ಮತ್ತು ಟೇಬಲ್‌ಗಳನ್ನು ಸಾಗಿಸಿ ಮತ್ತೆ ಜೋಡಿಸಿಕೊಡುವ ಮೈಗ್ರೇಷನ್ ಅಸಿಸ್ಟೆಂಟ್ ಎಂಬ ಸಾಧನವೂ ಉಚಿತವಾಗಿ ಸಿಗುತ್ತದೆ. ಎಕ್ಸ್‌ಪ್ರೆಸ್‌ನ 2022ರ ಆವೃತ್ತಿಯಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ, ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್‌ಗಿಂತ ಹೆಚ್ಚು ಬಳಸುವುದಿಲ್ಲ, ದತ್ತಾಂಶಕ್ಕಾಗಿ ಇಟ್ಟುಕೊಳ್ಳುವ ಮೆಮೊರಿ 1,410 ಎಂಬಿ ಮೀರುವುದಿಲ್ಲ. 2008ರಿಂದ ಇಲ್ಲಿಯವರೆಗೆ ನೀವು ಕೂಡಿಸಿದ್ದೇ 1.4 ಜಿಬಿ, ಅದರ ಬಹುಭಾಗ ಮೆಮೊರಿಯಲ್ಲೇ ಕುಳಿತುಬಿಡುತ್ತದೆ. ಈ ಮಿತಿಗಳನ್ನು ತೋರಿಸಿ ಯಾರಾದರೂ ಹಣ ಕೊಟ್ಟು ಕೊಳ್ಳಬೇಕಾದ ಸ್ಟ್ಯಾಂಡರ್ಡ್ ಆವೃತ್ತಿಯ ‘ಕ್ರ್ಯಾಕ್’ ಮಾಡಿದ ಪ್ರತಿಯನ್ನು ಪುಕ್ಕಟೆ ಹಾಕಿಕೊಡುತ್ತೇನೆಂದರೆ ಬೇಡವೆನ್ನಿರಿ. ಕಾನೂನಿನ ಮಾತು ಒಂದು ಕಡೆಗಿರಲಿ, ಅಂಥ ಪ್ರತಿಗಳ ಜೊತೆ ಇನ್ನೇನು ಒಳಬರುತ್ತದೆ ಎಂಬುದನ್ನು ಹಾಕಿಕೊಡುವವನೂ ಬಲ್ಲವನಲ್ಲ.

ಸರ್ವರ್ ಎಂಬ ಹೆಸರಿನ ದುಬಾರಿ ಯಂತ್ರವೂ ನಿಮಗೆ ಬೇಡ. ವಿಂಡೋಸ್ 11 ಪ್ರೊ, 16 ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ ಇರುವ ಸಾಮಾನ್ಯ ಡೆಸ್ಕ್‌ಟಾಪ್ ಸಾಕು. ಆದರೆ ಅದರ ಮುಂದೆ ಯಾರೂ ಕುಳಿತು ಕೆಲಸ ಮಾಡಬಾರದು, ಪೆನ್‌ಡ್ರೈವ್ ಹಾಕಬಾರದು. ಮಾನಿಟರ್ ತೆಗೆದು ಬೇರೆ ಕೋಣೆಯಲ್ಲಿ ಯುಪಿಎಸ್ ಮೇಲೆ ಇಟ್ಟುಬಿಡಿರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆದ್ದರಿಂದ ಈಗಿನ ಮುಖ್ಯ ಕಂಪ್ಯೂಟರನ್ನೇ ಸರ್ವರ್ ಮಾಡುವ ಉಳಿತಾಯವನ್ನು ನಾನು ಒಪ್ಪುವುದಿಲ್ಲ. ಹೊಸ ಯಂತ್ರ ಕೊಳ್ಳುವಾಗ ಒಂದು ಎಚ್ಚರಿಕೆ: ಎನ್‌ವಿಎಂಇ ಎಂಬ ಬಗೆಯ ಕೆಲವು ಹೊಸ ಎಸ್‌ಎಸ್‌ಡಿ ಡಿಸ್ಕ್‌ಗಳು ವಿಂಡೋಸ್ 11ರಲ್ಲಿ ತಮ್ಮ ಸೆಕ್ಟರ್ (ಒಮ್ಮೆಗೆ ಬರೆಯುವ ತುಣುಕು) ಗಾತ್ರವನ್ನು 4 ಕೆಬಿಗಿಂತ ಹೆಚ್ಚಾಗಿ ತೋರಿಸುತ್ತವೆ, ಆಗ ಎಸ್‌ಕ್ಯೂಎಲ್ ಸರ್ವರ್ ಸ್ಥಾಪನೆಯ ಕೊನೆಯ ಹಂತದಲ್ಲಿ ಸೇವೆ ಚಾಲೂ ಆಗದೆ ನಿಂತುಬಿಡುತ್ತದೆ. ಸಂದೇಶ ನೋಡಿದರೆ ಕಾರಣ ಹೊಳೆಯುವುದೇ ಇಲ್ಲ. ರಿಜಿಸ್ಟ್ರಿಯಲ್ಲಿ ಸೆಕ್ಟರ್ ಗಾತ್ರವನ್ನು 4 ಕೆಬಿಗೆ ಕಟ್ಟಿಹಾಕುವ ಪರಿಹಾರವನ್ನು ಮೈಕ್ರೋಸಾಫ್ಟ್ ಬರೆದಿಟ್ಟಿದೆ. ಹಾಗೆಯೇ, ಎಕ್ಸ್‌ಪ್ರೆಸ್ ಅನ್ನು ಹಾಕಿದ ಕೂಡಲೇ ಬೇರೆ ಕಂಪ್ಯೂಟರ್‌ಗಳಿಂದ ಅದು ಕಾಣುವುದಿಲ್ಲ. ಟಿಸಿಪಿ-ಐಪಿ ಸಂಪರ್ಕ ಮೊದಲಿಗೆ ಬಂದ್ ಇರುತ್ತದೆ. ಅದನ್ನು ತೆರೆದು, 1433 ಎಂಬ ಸ್ಥಿರ ಪೋರ್ಟ್ ಕೊಟ್ಟು, ವಿಂಡೋಸ್ ಫೈರ್‌ವಾಲ್‌ನಲ್ಲಿ ಒಳಗಿನ ನೆಟ್‌ವರ್ಕಿಗೆ ಮಾತ್ರ ದಾರಿ ಬಿಡಬೇಕು.

ಏಳು ಕಂಪ್ಯೂಟರ್‌ಗಳಿಗೂ ಆಕ್ಸೆಸ್ ಕೊಳ್ಳಬೇಕೇ ಎಂದು ನೀವು ಮುಂದೆ ಕೇಳುವಿರಿ. ಬೇಕಿಲ್ಲ. ಪ್ರೋಗ್ರಾಮನ್ನು ತಿದ್ದುವವರ ಬಳಿ ಒಂದು ಪೂರ್ಣ ಆಕ್ಸೆಸ್ ಇದ್ದರೆ, ಬರೀ ನಡೆಸುವವರಿಗೆ ಆಕ್ಸೆಸ್ ರನ್‌ಟೈಮ್ ಉಚಿತವಾಗಿ ಸಿಗುತ್ತದೆ. ಆಕ್ಸೆಸ್ 2003ಕ್ಕೆ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿರುವುದರಿಂದ, ಮೇಲಿನ ಭಾಗವನ್ನು ಈ ನೆಪದಲ್ಲಿ ಆಕ್ಸೆಸ್‌ನ ಹೊಸ ಫೈಲ್ ಬಗೆಯಾದ ಎಸಿಸಿಡಿಬಿ ರೂಪಕ್ಕೆ ತಂದುಬಿಡಿರಿ. 32 ಬಿಟ್ ರನ್‌ಟೈಮನ್ನೇ ಹಾಕಿಸಿದರೆ ಹಳೆಯ ಕೋಡ್‌ನಲ್ಲಿ ವಿಂಡೋಸ್ ಕರೆಗಳನ್ನು ತಿದ್ದುವ ಕೆಲಸ ತಪ್ಪುತ್ತದೆ. ತಾರೀಖು ಆರಿಸಲು ಫಾರ್ಮ್‌ನಲ್ಲಿ ಹಳೆಯ ಕ್ಯಾಲೆಂಡರ್ ಕಂಟ್ರೋಲ್ ಬಳಸಿದ್ದರೆ ಅದು ಮಾತ್ರ ನಡೆಯದು, ಅದನ್ನು ಆಕ್ಸೆಸ್ 2010ರಲ್ಲಿ ತೆಗೆದುಹಾಕಲಾಗಿದೆ. ಈಗ ತಾರೀಖಿನ ಖಾನೆಗೆ ತನ್ನದೇ ಆದ ಆಯ್ಕೆಯ ಸೌಲಭ್ಯವಿದೆ. ಬೇರೆ ಆವೃತ್ತಿಯ ಆಫೀಸ್ ಇರುವ ಯಂತ್ರದಲ್ಲಿ ರನ್‌ಟೈಮ್ ಜಗಳ ಮಾಡುವುದುಂಟು, ಆದ್ದರಿಂದ ಮೊದಲು ಒಂದರಲ್ಲಿ ಹಾಕಿ ನೋಡಿರಿ.

ದತ್ತಾಂಶ ಸಾಗಿಸುವಾಗ ಎಡವುವ ಜಾಗಗಳು ನನಗೆ ಅನುಭವದಿಂದ ಗೊತ್ತು. ಹಿಂದೊಮ್ಮೆ ನಾನೇ ಬಾಗಲಕೋಟೆ ಜಿಲ್ಲೆಯ ಒಂದು ನೂಲು ವ್ಯಾಪಾರದ ಕಚೇರಿಗೆ ಇದೇ ಕೆಲಸ ಮಾಡಿಕೊಟ್ಟು, ಸಂಜೆ ಎಲ್ಲ ಸರಿಯಿದೆಯೆಂದು ಚಹಾ ಕುಡಿದು ಬಂದಿದ್ದೆ. ಮರುದಿನ ಬೆಳಿಗ್ಗೆ ಹತ್ತಕ್ಕೆ ಫೋನ್: ‘ಯಾವ ಬಿಲ್ ತಿದ್ದಾಕ ಹೋದ್ರೂ, ಬ್ಯಾರೆದವ್ರು ಇದನ್ನ ಬದಲಿಸ್ಯಾರ ಅಂತ ಬರ್ತದ ಸರ್, ಇಲ್ಲಿ ನಾ ಒಬ್ಬನ ಅದೀನಿ.’ ಕಾರಣ ಬಹಳ ಚಿಕ್ಕದು. ಆಕ್ಸೆಸ್‌ನ ‘ಹೌದು-ಇಲ್ಲ’ ಖಾನೆ ಸರ್ವರ್‌ನಲ್ಲಿ ಬಿಟ್ ಖಾನೆಯಾಗುತ್ತದೆ. ಅದರಲ್ಲಿ ಏನೂ ತುಂಬದ ನಲ್ ಬೆಲೆ ಉಳಿದರೆ, ಆಕ್ಸೆಸ್ ಅದನ್ನು ‘ಇಲ್ಲ’ ಎಂದು ಓದಿಕೊಂಡು, ಉಳಿಸುವಾಗ ಹೋಲಿಸಿ ನೋಡಿ, ಬೆಲೆ ಬೇರೆಯಾಗಿದೆ ಎಂದು ಗಾಬರಿಯಾಗುತ್ತದೆ. ನಾನು ಆ ಖಾನೆಗಳಿಗೆಲ್ಲ ಸೊನ್ನೆ ತುಂಬಿ, ಮುಂದೆ ನಲ್ ಬಾರದಂತೆ ಡೀಫಾಲ್ಟ್ ಕೊಟ್ಟು, ಪ್ರತಿ ಟೇಬಲ್‌ಗೆ, ಸಾಲು ಬದಲಾದಾಗಲೆಲ್ಲ ತಾನೂ ಬದಲಾಗುವ ರೋವರ್ಷನ್ ಎಂಬ ಖಾನೆಯೊಂದನ್ನು ಸೇರಿಸಿದ ಮೇಲೆ ಅದು ನಿಂತಿತು. ಮೈಗ್ರೇಷನ್ ಅಸಿಸ್ಟೆಂಟ್‌ಗೆ ಹೇಳಿದರೆ ಅಂಥ ಖಾನೆಯನ್ನು ಅದೇ ಸೇರಿಸುತ್ತದೆ. ಆ ದಿನ ನಾನು ಹೇಳಿರಲಿಲ್ಲ.

ಪ್ರೈಮರಿ ಕೀ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಖಾನೆ) ಇಲ್ಲದ ಟೇಬಲ್ ಸರ್ವರ್‌ನಿಂದ ಜೋಡಿಸಿದಾಗ ಓದಲು ಮಾತ್ರ ಬರುತ್ತದೆ, ತಿದ್ದಲು ಬರುವುದಿಲ್ಲ. ಆಕ್ಸೆಸ್‌ನಲ್ಲಿ ಎಂಟ್ರಿ ಶುರು ಮಾಡಿದ ಕೂಡಲೇ ಆಟೋ ನಂಬರ್ ಬೀಳುತ್ತದೆ, ಸರ್ವರ್‌ನಲ್ಲಿ ಅದು ಉಳಿಸಿದ ಮೇಲೆ ಬೀಳುತ್ತದೆ. ನಿಮ್ಮ ಲಾಟ್ ನಂಬರನ್ನು ಅದರಿಂದಲೇ ತಯಾರಿಸುತ್ತಿದ್ದರೆ ಕೋಡ್ ತಿದ್ದಬೇಕು. ತಾರೀಖುಗಳಲ್ಲೂ ಕಸ ಇರುತ್ತದೆ: 2016 ಎಂದು ಹೊಡೆಯುವ ಬದಲು 0216 ಎಂದು ಹೊಡೆದಿದ್ದರೂ ಆಕ್ಸೆಸ್ ಒಪ್ಪಿಕೊಳ್ಳುತ್ತದೆ, ಏಕೆಂದರೆ ಅದರ ಪಂಚಾಂಗ ಕ್ರಿ.ಶ. 100ರಿಂದ ಶುರು, ಸರ್ವರ್‌ನ ಹಳೆಯ ಬಗೆಯ ತಾರೀಖಿನ ಖಾನೆ 1753ಕ್ಕಿಂತ ಹಿಂದಿನದನ್ನು ತಿರಸ್ಕರಿಸುತ್ತದೆ. ಸಾಗಿಸುವ ಮೊದಲೇ 2008ಕ್ಕಿಂತ ಹಿಂದಿನ ತಾರೀಖುಗಳನ್ನೆಲ್ಲ ಒಂದು ಕ್ವೆರಿಯಿಂದ ಹೊರತೆಗೆದು ತಿದ್ದಿರಿ. ಆಕ್ಸೆಸ್ ಅನ್ನು ಸರ್ವರ್‌ಗೆ ಜೋಡಿಸುವ ಓಡಿಬಿಸಿ ಡ್ರೈವರ್‌ನ 18ನೆಯ ಆವೃತ್ತಿ ಬಳಸಿದರೆ ಸಂಪರ್ಕ ಗೂಢಲಿಪಿಯಲ್ಲೇ ಆಗಬೇಕೆಂದು ಅದು ಹಟ ಹಿಡಿದು, ಸರ್ವರ್‌ನ ಪ್ರಮಾಣಪತ್ರವನ್ನು ನಂಬುವುದಿಲ್ಲವೆಂದು ನಿಲ್ಲುತ್ತದೆ. ನಿಮ್ಮ ಒಳಗಿನ ನೆಟ್‌ವರ್ಕ್‌ನಲ್ಲಿ ‘ಸರ್ವರ್ ಪ್ರಮಾಣಪತ್ರವನ್ನು ನಂಬು’ ಎಂಬ ಆಯ್ಕೆ ಕೊಡಬಹುದು.

ಇನ್ನೊಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಮೋಸ ಹೋದೆವೆಂದುಕೊಳ್ಳುವಿರಿ. ಸರ್ವರ್‌ಗೆ ಸಾಗಿಸಿದ ಮೊದಲ ದಿನ ಕೆಲವು ಪರದೆಗಳು ಮೊದಲಿಗಿಂತ ನಿಧಾನವಾಗಬಹುದು. ‘ರೈತರ ಖಾತೆ’ ಫಾರ್ಮ್ ತೆರೆದಾಗ ಎಲ್ಲ ವರ್ಷಗಳ ಎಲ್ಲ ಸಾಲುಗಳನ್ನೂ ಕೇಳುವಂತೆ ಬರೆದಿದ್ದರೆ, ಮುನೀಮ ಆ ಎಲ್ಲವನ್ನೂ ಓದಿ ಹೇಳಬೇಕಾಗುತ್ತದೆ. ಕ್ವೆರಿಯ ಷರತ್ತಿನೊಳಗೆ ನಿಮ್ಮವರೇ ವಿಬಿಎ ಎಂಬ ಆಕ್ಸೆಸ್‌ನ ಕೋಡ್ ಭಾಷೆಯಲ್ಲಿ ಬರೆದ ಫಂಕ್ಷನ್ ಇದ್ದರೆ ಅದು ಸರ್ವರ್‌ಗೆ ಅರ್ಥವಾಗದು, ಆದ್ದರಿಂದ ಪೂರ್ತಿ ಟೇಬಲ್ ಈಚೆ ಬಂದು ಇಲ್ಲಿ ಸೋಸಿಕೊಳ್ಳಬೇಕಾಗುತ್ತದೆ. ಫಾರ್ಮ್ ತೆರೆಯುವ ಮೊದಲೇ ಲಾಟ್ ನಂಬರು ಅಥವಾ ರೈತನ ಹೆಸರು ಕೇಳಿ, ಅಷ್ಟೇ ಸಾಲು ತರಿಸುವಂತೆ ಬದಲಿಸುವುದು, ಬಾಡಿಗೆಯ ದೊಡ್ಡ ಲೆಕ್ಕಗಳನ್ನು ಸರ್ವರ್‌ನಲ್ಲೇ ವ್ಯೂ (ಅಲ್ಲಿಯೇ ಉಳಿಸಿಟ್ಟ ಕ್ವೆರಿ) ಆಗಿ ಬರೆಯುವುದು ಇವೆರಡರಿಂದ ಬಹುಪಾಲು ನಿಧಾನ ಹೋಗುತ್ತದೆ. ಪುಣೆಯವರಿಗೆ ಕೊಡಬೇಕಾದ ಕೂಲಿಯಲ್ಲಿ ಹೆಚ್ಚು ಭಾಗ ಹೋಗುವುದು ಇಲ್ಲಿಗೇ. ಅವರು ಫೋನಿಗೆ ಸಿಗುತ್ತಾರೆ ಎಂಬ ನಿಮ್ಮ ಒಂದು ಸಾಲು ಓದಿ ನನಗೆ ಧೈರ್ಯ ಬಂತು. ಬರೆದವರೇ ಇಲ್ಲದ ಪ್ರೋಗ್ರಾಮಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ನುಡಿ ಅಕ್ಷರಗಳ ಪ್ರಶ್ನೆ ಹೊರಗಿನ ಪುಸ್ತಕಗಳಲ್ಲಿ ಸಿಗುವಂಥದ್ದಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಿಮ್ಮ ಟೇಬಲ್‌ನಲ್ಲಿ ನಿಜಕ್ಕೂ ಕನ್ನಡ ಇಲ್ಲ. ಅಲ್ಲಿರುವುದು ಇಂಗ್ಲಿಷಿನ ಮತ್ತು ಯುರೋಪಿನ ಗುರುತುಗಳುಳ್ಳ ಅಕ್ಷರಗಳು. ನುಡಿಯ ಹಳೆಯ ಫಾಂಟ್ ಅವುಗಳಿಗೆ ಕನ್ನಡದ ಚಿತ್ರ ತೊಡಿಸುತ್ತದೆ. ಆ ಏರ್ಪಾಡಿನಲ್ಲಿ ಇಂಗ್ಲಿಷಿನ ದೊಡ್ಡ ಝಡ್ ‘ಚ’ಕಾರಕ್ಕೆ, ಸಣ್ಣ ಝಡ್ ‘ದ’ಕಾರಕ್ಕೆ ಆಧಾರ. ಆಕ್ಸೆಸ್ ಆಗಲಿ, ಎಸ್‌ಕ್ಯೂಎಲ್ ಸರ್ವರ್ ಆಗಲಿ ರೂಢಿಯಲ್ಲಿ ದೊಡ್ಡಕ್ಷರ-ಸಣ್ಣಕ್ಷರಗಳ ಭೇದ ಮಾಡುವುದಿಲ್ಲ. ಹೀಗಾಗಿ ‘ದಾ’ ಎಂದು ಹುಡುಕಿದರೆ ‘ಚಾ’ದಿಂದ ಶುರುವಾಗುವ ಹೆಸರುಗಳೂ ಬರುತ್ತವೆ. ಇದನ್ನು ನಿಮ್ಮ ಗುಮಾಸ್ತರು ಇಷ್ಟು ವರ್ಷ ಕಂಪ್ಯೂಟರಿನ ಹುಚ್ಚೆಂದು ತಿಳಿದು ಸುಮ್ಮನಿದ್ದಿರಬೇಕು. ಹೆಸರುಗಳ ಪಟ್ಟಿ ಅಕಾರಾದಿಯಲ್ಲಿ ಬಾರದಿರುವುದಕ್ಕೂ ಇದೇ ಮೂಲ.

ಆದರೂ ಇದನ್ನು ಯೂನಿಕೋಡ್‌ಗೆ ಬದಲಿಸುವ ಕೆಲಸವನ್ನು ಸರ್ವರ್‌ಗೆ ಸಾಗಿಸುವ ದಿನವೇ ಮಾಡಬೇಡಿರಿ. ಏನಾದರೂ ತಪ್ಪಿದರೆ ತಪ್ಪು ಯಾವ ಕಡೆಯದೆಂದು ಹಿಡಿಯಲಾಗದು. ಮೊದಲು ಇದ್ದಂತೆಯೇ ಸಾಗಿಸಿರಿ, ಆದರೆ ಹೆಸರಿನ ಖಾನೆಗಳನ್ನು ಯೂನಿಕೋಡ್ ಅಕ್ಷರ ಹಿಡಿಯಬಲ್ಲ ಎನ್‌ವಾರ್ಚಾರ್ ಬಗೆಯವನ್ನಾಗಿಯೇ ಮಾಡಿಸಿರಿ. ಎರಡನೆಯ ಹಂತದಲ್ಲಿ, ಹಳೆಯ ಖಾನೆಯನ್ನು ಅಳಿಸದೆ ಅದರ ಪಕ್ಕದಲ್ಲಿ ಹೊಸ ಖಾನೆ ಸೇರಿಸಿ, ಪರಿವರ್ತಕದಿಂದ ಬದಲಿಸಿದ ಹೆಸರನ್ನು ಅದರಲ್ಲಿ ತುಂಬಿ, ಒಬ್ಬರು ಕುಳಿತು ಕಣ್ಣಾಡಿಸಬೇಕು. ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ಪರಿವರ್ತಕಗಳು ಎಡವುತ್ತವೆ. ಹೊಸ ಖಾನೆಗೆ ಇಂಡಿಕ್ ಜನರಲ್ 100 ಎಂಬ ಕೊಲೇಷನ್ (ಅಕ್ಷರಗಳನ್ನು ಹೋಲಿಸಿ ಜೋಡಿಸುವ ನಿಯಮ) ಕೊಟ್ಟು, ಅನುಕ್ರಮ ಸರಿ ಬರುತ್ತದೆಯೇ ಎಂದು ನೂರು ಹೆಸರಿನ ಮೇಲೆ ನೋಡಿಕೊಳ್ಳಿರಿ. ಖಾನೆಯ ಉದ್ದಕ್ಕೂ ಗಮನವಿರಲಿ: ಕಣ್ಣಿಗೆ ಎರಡಕ್ಷರವಾದ ‘ಲಕ್ಷ್ಮೀ’ಯಲ್ಲಿ ಗಣಕ ಎಣಿಸುವುದು ಏಳು ಸಂಕೇತಗಳನ್ನು, ಆದ್ದರಿಂದ 30ರ ಖಾನೆ ಇದ್ದಲ್ಲಿ 100 ಕೊಟ್ಟುಬಿಡಿರಿ. ಫಾರ್ಮ್‌ಗಳಲ್ಲಿ ಫಾಂಟನ್ನು ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟಿಗೆ ಬದಲಿಸಬೇಕು. ವಿಬಿಎ ಕೋಡ್‌ನೊಳಗೆ ಯೂನಿಕೋಡ್ ಕನ್ನಡ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಮೂಡುತ್ತವೆ. ‘ಈ ಲಾಟ್ ಒತ್ತೆಯಲ್ಲಿದೆ’ ಎಂಬಂಥ ಎಚ್ಚರಿಕೆಗಳನ್ನು ಒಂದು ಟೇಬಲ್‌ನಲ್ಲಿಟ್ಟು, ಅಲ್ಲಿಂದ ಓದಿ ಫಾರ್ಮ್‌ನ ಮೇಲೆಯೇ ತೋರಿಸುವುದು ಸುಲಭದ ದಾರಿ.

ಬ್ಯಾಕಪ್ ಬಗ್ಗೆ. ತೆರೆದಿರುವ ಎಂಡಿಬಿ ಫೈಲನ್ನು ನಕಲು ಮಾಡಿಕೊಂಡರೆ ಆ ನಕಲು ನಂಬಿಕೆಗೆ ಅರ್ಹವಲ್ಲ, ಸರ್ವರ್ ಮಾತ್ರ ಕೆಲಸ ನಡೆಯುತ್ತಿರುವಾಗಲೇ ಸರಿಯಾದ ಬ್ಯಾಕಪ್ ಕೊಡುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತು ಹೊತ್ತಿಗೆ ತಾನೇ ಕೆಲಸ ಮಾಡುವ ಏಜೆಂಟ್ ಇಲ್ಲ, ಆದ್ದರಿಂದ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ಗೆ ಆ ಕೆಲಸ ಒಪ್ಪಿಸಬೇಕು. ಸೀಸನ್‌ನಲ್ಲಿ ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಸಾಕು. ರಿಕವರಿ ಮಾದರಿಯನ್ನು ‘ಸಿಂಪಲ್’ ಇಟ್ಟರೆ ಲಾಗ್ ಫೈಲ್ ಬೆಳೆದು ಡಿಸ್ಕ್ ತುಂಬುವ ಕಾಟವಿರದು. ಎರಡು ಹೊರಗಿನ ಡಿಸ್ಕ್ ಇಟ್ಟುಕೊಂಡು, ಒಂದು ಯಂತ್ರದ ಬಳಿ ಇದ್ದಾಗ ಇನ್ನೊಂದು ಮಾಲೀಕರ ಮನೆಯಲ್ಲಿರಲಿ, ವಾರಕ್ಕೊಮ್ಮೆ ಅದಲುಬದಲಾಗಲಿ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ನಿನ್ನೆಯ ಕೊನೆಯ ಗೇಟ್ ಪಾಸ್ ಅದರಲ್ಲಿದೆಯೇ ಎಂದು ನೋಡಿರಿ. ಹಾಗೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಾಲೀಕರು ಸಾಂಗಲಿ ಅಥವಾ ತಾಸಗಾಂವ್ ಮಾರುಕಟ್ಟೆಗೆ ಹೋದಾಗ ಸ್ಟಾಕ್ ನೋಡಬೇಕೆಂದು ಯಾರಾದರೂ ರೌಟರ್‌ನಲ್ಲಿ ಸರ್ವರ್‌ನ ಆ 1433 ಪೋರ್ಟನ್ನು ಹೊರಜಗತ್ತಿಗೆ ತೆರೆದಿಟ್ಟರೆ, ಅದನ್ನು ಹುಡುಕಿಕೊಂಡು ಬರುವವರು ಬಹಳ. ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಗುಪ್ತ ದಾರಿ) ಹಾಕಿ, ಆಫೀಸಿನ ಒಂದು ಕಂಪ್ಯೂಟರಿನ ಪರದೆಯನ್ನೇ ದೂರದಿಂದ ನೋಡುವ ಏರ್ಪಾಡು ಮಾಡಿಕೊಳ್ಳಲಿ.

ಹಣದ ಹಂಚಿಕೆ ಹೀಗಿರಲಿ: ಒಂದು ಲಕ್ಷದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಹೊಸ ಯಂತ್ರಕ್ಕೆ, ಯುಪಿಎಸ್‌ಗಳಿಗೆ, ಡಿಸ್ಕ್‌ಗಳಿಗೆ, ಅದರ ಮೂರನೆಯ ಒಂದು ಪಾಲು ಗೇಟಿನ ತಂತಿಗೆ ಮತ್ತು ಸ್ವಿಚ್ಚಿಗೆ, ಉಳಿದದ್ದೆಲ್ಲ ಪುಣೆಯವರ ಕೂಲಿಗೆ ಮತ್ತು ಒಂದು ಆಕ್ಸೆಸ್ ಪರವಾನಗಿಗೆ. ಯಂತ್ರದಲ್ಲಿ ಚೌಕಾಸಿ ಮಾಡಬಹುದು, ಅವರ ಕೂಲಿಯಲ್ಲಿ ಬೇಡ.

ಹೊಸ ಮಾಲು ಫೆಬ್ರುವರಿ ಕೊನೆಗೆ ಬರತೊಡಗುವುದರಿಂದ, ದೀಪಾವಳಿ ಮುಗಿದ ಮೇಲೆ ಸಂಕ್ರಾಂತಿಯೊಳಗೆ ಈ ಕೆಲಸ ಮುಗಿಯಬೇಕು. ಎರಡು ವಾರ ಹಳೆಯದರಲ್ಲೂ ಹೊಸದರಲ್ಲೂ ಎರಡೆರಡು ಸಲ ಎಂಟ್ರಿ ಮಾಡಿಸುವ ಪದ್ಧತಿಯೊಂದಿದೆ. ಗುಮಾಸ್ತರು ಬೇಸತ್ತು ಎರಡರಲ್ಲೂ ತಪ್ಪು ಮಾಡುತ್ತಾರೆ, ಅದು ಬೇಡ. ಅದರ ಬದಲು ಫೈಲಿನ ಪ್ರತಿಯ ಮೇಲೆ ಎರಡು ಸಲ ಪೂರ್ತಿ ತಾಲೀಮು ನಡೆಸಿ, ಪ್ರತಿ ಟೇಬಲ್‌ನ ಸಾಲುಗಳ ಸಂಖ್ಯೆ, ಪ್ರತಿ ವರ್ಷದ ಒಟ್ಟು ಬಾಕ್ಸ್ ಮತ್ತು ಒಟ್ಟು ಬಾಡಿಗೆ ಎರಡೂ ಕಡೆ ತಾಳೆಯಾಗುತ್ತದೆಯೇ ಎಂದು ಕಾಗದದ ಮೇಲೆ ಬರೆದಿಡಿರಿ. ಆಮೇಲೆ ಒಂದು ರವಿವಾರ, ಗೇಟ್ ಮುಚ್ಚಿದ ಮೇಲೆ ನಿಜವಾದ ಸಾಗಣೆ ಮಾಡಿ, ಅವೇ ಅಂಕಿಗಳನ್ನು ಮತ್ತೆ ತಾಳೆ ನೋಡಿ, ಹಳೆಯ ಎಂಡಿಬಿ ಫೈಲಿನ ಹೆಸರು ಬದಲಿಸಿ, ಓದಲು ಮಾತ್ರ ಬರುವಂತೆ ಮಾಡಿಬಿಡಿರಿ. ಸೋಮವಾರ ಬೆಳಿಗ್ಗೆ ಯಾವುದಾದರೂ ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಹಳೆಯ ಶಾರ್ಟ್‌ಕಟ್ ಉಳಿದಿದ್ದು, ಯಾರಾದರೂ ರೂಢಿಯಂತೆ ಅದನ್ನೇ ಒತ್ತಿದರೆ, ಅರ್ಧ ದಿನದ ಎಂಟ್ರಿ ಹಳೆಯ ಫೈಲಿಗೆ ಹೋಗುವ ಅಪಾಯ ಇದರಿಂದ ತಪ್ಪುತ್ತದೆ.